ಉಳಿಸಿ, ಅಳಿಸಿ: ಫೋನಿನ ಕನ್ನಡ ಬಟನ್‌ಗಳು ಯಾಕೆ ಗೊಂದಲ ಮಾಡ್ತವೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಇಡಲಾಗಿದೆ.)

ಸಾಲ, ಬಡ್ಡಿ, ತೆರಿಗೆ ಅಂತ ಪ್ರತಿ ಸಲ ಮಾತಾಡ್ತೇವೆ. ಇವತ್ತು ಅದರ ಪಕ್ಕದ ಮನೆಯ ವಿಷಯ: ಆ್ಯಪ್‌ನಲ್ಲಿ ನಾವು ಒತ್ತುವ ಬಟನ್, ಅದರ ಮೇಲೆ ಬರೆದಿರುವ ಒಂದೋ ಎರಡೋ ಪದ. ಹಣ ಹೋಗುವುದೂ ಉಳಿಯುವುದೂ ಈಗ ಆ ಪದದ ಮೇಲೆ ಬೆರಳು ಬಿದ್ದಾಗಲೇ ಅಲ್ವಾ? ಹಾಗಾಗಿ ಬಿ.ಕಾಂ. ಓದಿದವ ಇದರ ಬಗ್ಗೆ ಮಾತಾಡಬಹುದು ಅಂದುಕೊಂಡಿದ್ದೇನೆ.

ಎರಡು ಪದ ಹೇಳ್ತೇನೆ. ಉಳಿಸಿ. ಅಳಿಸಿ.

ಮೊದಲನೆಯದು ಇಂಗ್ಲಿಷಿನ ಸೇವ್‌ಗೆ ಕನ್ನಡ. ಎರಡನೆಯದು ಡಿಲೀಟ್‌ಗೆ ಕನ್ನಡ. ಎರಡೂ ಒಳ್ಳೆಯ, ಹಳೆಯ, ಎಲ್ಲರಿಗೂ ಗೊತ್ತಿರುವ ಪದಗಳೇ. ಆದರೆ ಪಕ್ಕಪಕ್ಕ ಇಟ್ಟು ನೋಡಿ. ಮೂರಕ್ಷರದಲ್ಲಿ ಎರಡಕ್ಷರ ಒಂದೇ. ವ್ಯತ್ಯಾಸ ಮೊದಲ ಅಕ್ಷರದಲ್ಲಿ ಮಾತ್ರ, ಅದೂ ಎರಡೂ ಉರುಟು ಉರುಟು ಅಕ್ಷರಗಳು. ಕೇಳುವವರಿಗಿಂತ ಇದನ್ನು ಓದುತ್ತಿರುವವರಿಗೆ ಬೇಗ ಗೊತ್ತಾಗ್ತದೆ. ಒಂದು ಒತ್ತಿದರೆ ಕೆಲಸ ಉಳೀತದೆ, ಇನ್ನೊಂದು ಒತ್ತಿದರೆ ಕೆಲಸ ಹೋಗ್ತದೆ. ಇಂಗ್ಲಿಷಿನಲ್ಲಿ ಈ ಎರಡು ಪದಗಳ ಆಕಾರಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ, ಉದ್ದವೂ ಬೇರೆ. ಅವರು ಯೋಚನೆ ಮಾಡಿ ಹಾಗೆ ಇಟ್ಟದ್ದಲ್ಲ, ಅದೃಷ್ಟ. ನಮಗೆ ಆ ಅದೃಷ್ಟ ಇಲ್ಲ. ಹಾಗಾಗಿ ನಾವು ಯೋಚನೆ ಮಾಡಬೇಕು.

ಸ್ಕ್ರೀನ್‌ಗಾರ್ಡ್ ಒಡೆದ ಫೋನು, ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ ಬಿಸಿಲು, ಮೂಗಿನ ಮೇಲೆ ಇಳಿದ ಕನ್ನಡಕ. ಇಷ್ಟರ ನಡುವೆ ಯಾರಾದರೂ ಆ ಮೊದಲ ಅಕ್ಷರವನ್ನು ಹುಡುಕಿ ಓದ್ತಾರೆ ಅಂತ ನಂಬುವುದು ಕಷ್ಟ. ಪರಿಹಾರ ಇಲ್ಲ ಅಂತಲ್ಲ. 'ಉಳಿಸಿ' ಇರಲಿ, ಇನ್ನೊಂದನ್ನು 'ತೆಗೆದುಹಾಕಿ' ಅಂತ ಮಾಡಿದರೆ ಆಯ್ತು. ಅಥವಾ 'ಫೋಟೋ ಅಳಿಸಿ' ಅಂತ ಏನನ್ನು ಅಳಿಸುವುದು ಅನ್ನುವುದನ್ನೂ ಸೇರಿಸಿದರೆ ಸಾಕು. ಒಂದು ಪದ ಜಾಸ್ತಿ, ಒಂದು ಎಡವಟ್ಟು ಕಡಿಮೆ.

ಮನೆಯ ಆಪರೇಟರ್ ನೀವೇ

ಈ ಪಾಡ್‌ಕಾಸ್ಟ್ ಕೇಳುವ ಹೆಚ್ಚಿನವರು ನನ್ನ ವಯಸ್ಸಿನವರು, ಅಥವಾ ಸ್ವಲ್ಪ ಸಣ್ಣವರು. ಅಂದರೆ ಮನೆಯಲ್ಲಿ ಎಲ್ಲರ ಫೋನಿಗೂ ನೀವೇ ಆಪರೇಟರ್. ಗ್ಯಾಸ್ ಬುಕ್ ಮಾಡುವುದು ನೀವು, ಕರೆಂಟ್ ಬಿಲ್ ನೀವು, ಚಿಕ್ಕಮ್ಮನ ಫೋನಲ್ಲಿ ಜಾಗ ಖಾಲಿ ಮಾಡುವುದೂ ನೀವು. ಹೊಸ ಫೋನು ತಂದ ದಿನ ನಾವು ಮಾಡುವ ಮೊದಲ ಕೆಲಸ ಎಂತದು? ಭಾಷೆ ಇಂಗ್ಲಿಷ್‌ಗೆ ಇಡುವುದು. ಕೇಳಿದರೆ "ಆ ಕನ್ನಡ ಅರ್ಥವೇ ಆಗುದಿಲ್ಲ ಮಾರಾಯ್ರೆ" ಅಂತ ಹೇಳ್ತೇವೆ.

ಅದರ ಪರಿಣಾಮ ನೋಡಿ. ಇಂಗ್ಲಿಷ್ ಓದಲು ಬಾರದವರು ಬಟನ್ ಓದುವುದಿಲ್ಲ, ಜಾಗ ನೆನಪಿಟ್ಟುಕೊಳ್ತಾರೆ. "ಮೊದಲು ಮೇಲಿನ ನೀಲಿ, ಮತ್ತೆ ಕೆಳಗಿನ ಹಸಿರು." ಆ್ಯಪ್ ಅಪ್‌ಡೇಟ್ ಆದ ದಿನ ಹಸಿರು ಇದ್ದಲ್ಲಿ ಬೇರೆ ಏನೋ ಬಂದು ಕೂತಿರ್ತದೆ. ಆಗ ಫೋನನ್ನು ಮೊಬೈಲ್ ಅಂಗಡಿಯ ಹುಡುಗನ ಕೈಗೆ ಕೊಡ್ತಾರೆ. "ಇದೊಂದು ಮಾಡಿ ಕೊಡು ಮಗಾ" ಅಂತ ಹೇಳಿ, ನಾಲ್ಕಂಕಿಯ ಪಿನ್ನನ್ನೂ ಬಾಯಲ್ಲೇ ಹೇಳಿಬಿಡ್ತಾರೆ. ಪುತ್ತೂರಿನಲ್ಲಾಗಲಿ, ಸುಳ್ಯ, ಕಡಬದಲ್ಲಾಗಲಿ ಇದನ್ನು ನೋಡದವರು ಕಡಿಮೆ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ತನ್ನ ದುಡ್ಡಿನ ಬಟನ್ ತಾನು ಓದಲಾಗದ ಮನುಷ್ಯ ಯಾವತ್ತೂ ಇನ್ನೊಬ್ಬರ ಒಳ್ಳೆಯತನದ ಮೇಲೆ ಬದುಕಬೇಕು.

ನಮ್ಮ ಮೂರು ತಾಲೂಕಿನಲ್ಲಿ ಇದಕ್ಕೆ ಇನ್ನೊಂದು ಪದರ ಉಂಟು. ಹೆಚ್ಚಿನ ಮನೆಗಳಲ್ಲಿ ಮಾತಾಡುವುದು ತುಳು. ಸುಳ್ಯದ ಕಡೆ ಅರೆಭಾಷೆ. ಹವ್ಯಕರದ್ದು ಒಂದು ಕನ್ನಡ, ಮತ್ತೆ ಬ್ಯಾರಿ, ಕೊಂಕಣಿ, ಮಲೆಯಾಳ. ಫೋನಿನಲ್ಲಿ ಬರುವ ಕನ್ನಡ ಅವರಿಗೆ ಶಾಲೆಯಲ್ಲಿ, ಪೇಪರಿನಲ್ಲಿ, ಯಕ್ಷಗಾನದಲ್ಲಿ ಸಿಕ್ಕಿದ ಭಾಷೆ. ಬೆಂಗಳೂರಿನಲ್ಲಿ ಕೂತವರು 'ಇದು ಎಲ್ಲರಿಗೂ ಅರ್ಥ ಆಗ್ತದೆ' ಅಂತ ಇಟ್ಟ ಪದ ಇಲ್ಲಿ ಎರಡು ಸಲ ಅನುವಾದ ಆಗಬೇಕು. ಮೊದಲು ಇಂಗ್ಲಿಷಿನಿಂದ ಕನ್ನಡಕ್ಕೆ, ಆಮೇಲೆ ಓದುವವರ ತಲೆಯಲ್ಲಿ ಕನ್ನಡದಿಂದ ಮನೆಮಾತಿಗೆ.

ಚಾ ಬೇಕಾ? ಇಲ್ಲ!

ಈಗ ಸ್ವಲ್ಪ ವ್ಯಾಕರಣ. ಹೆದರಬೇಡಿ, ಪರೀಕ್ಷೆ ಇಲ್ಲ.

ಯಾರಾದರೂ "ಚಾ ಬೇಕಾ?" ಅಂತ ಕೇಳಿದರೆ ನೀವು ಎಂತ ಹೇಳ್ತೀರಿ? "ಬೇಕು" ಅಥವಾ "ಬೇಡ." "ಇಲ್ಲ" ಅಂತ ಯಾರೂ ಹೇಳುವುದಿಲ್ಲ. ಆದರೆ ಆ್ಯಪ್ ಕೇಳ್ತದೆ: "ಈ ಫೋಟೋ ಅಳಿಸಬೇಕೇ?" ಕೆಳಗೆ ಎರಡು ಬಟನ್: 'ಹೌದು', 'ಇಲ್ಲ'.

ಇಂಗ್ಲಿಷಿನ ಒಂದು 'ನೋ' ಕನ್ನಡದಲ್ಲಿ ಮೂರಾಗ್ತದೆ. ಅಲ್ಲ, ಇಲ್ಲ, ಬೇಡ. "ಇದು ನಿಮ್ಮ ನಂಬರಾ?" ಅಂದರೆ 'ಅಲ್ಲ'. "ಒಟಿಪಿ ಬಂತಾ?" ಅಂದರೆ 'ಇಲ್ಲ'. "ಕಳಿಸಬೇಕಾ?" ಅಂದರೆ 'ಬೇಡ'. ತುಳುವಿನಲ್ಲೂ ಹೀಗೆಯೇ, ಅತ್ತ್, ಇಜ್ಜಿ, ಬೊಡ್ಚಿ ಮೂರೂ ಬೇರೆ ಬೇರೆ ಕೆಲಸದ ಪದಗಳು. ಅನುವಾದಕರ ಕೈಗೆ ಸಿಗುವುದು ಹೆಚ್ಚಾಗಿ ಒಂದು ಉದ್ದದ ಪಟ್ಟಿ. ಅದರಲ್ಲಿ 'ನೋ' ಅಂತ ಒಂದು ಸಾಲು ಇರ್ತದೆ, ಯಾವ ಪ್ರಶ್ನೆಗೆ ಉತ್ತರ ಅಂತ ಇರುವುದಿಲ್ಲ. ಅವರು 'ಇಲ್ಲ' ಅಂತ ಬರೀತಾರೆ, ಅದೇ 'ಇಲ್ಲ' ಹತ್ತು ಕಡೆ ಹೋಗಿ ಅಂಟಿಕೊಳ್ತದೆ. ತಪ್ಪು ಅನುವಾದಕರದ್ದು ಅಂತ ನನಗೆ ಅನ್ನಿಸುವುದಿಲ್ಲ. ಸ್ಕ್ರೀನ್ ತೋರಿಸದೆ ಪದ ಮಾತ್ರ ಕೊಟ್ಟವರದ್ದು.

ಇದಕ್ಕಿಂತ ದೊಡ್ಡ ಗೊಂದಲ 'ರದ್ದು'. ನೀವು ಟಿಕೆಟ್ ಕ್ಯಾನ್ಸಲ್ ಮಾಡ್ಲಿಕ್ಕೆ ಹೋಗಿದ್ದೀರಿ ಅಂತ ಇಟ್ಟುಕೊಳ್ಳಿ. "ಟಿಕೆಟ್ ರದ್ದು ಮಾಡಬೇಕೇ?" ಅಂತ ಬರ್ತದೆ. ಕೆಳಗೆ 'ಸರಿ' ಮತ್ತು 'ರದ್ದುಮಾಡಿ'. ಈಗ ಯಾವುದು ಒತ್ತುವುದು? ಟಿಕೆಟನ್ನು ರದ್ದು ಮಾಡ್ಲಿಕ್ಕೆ ಬಂದವರು 'ರದ್ದುಮಾಡಿ' ಒತ್ತಿದರೆ ರದ್ದಾಗುವುದು ಟಿಕೆಟ್ ಅಲ್ಲ, ರದ್ದು ಮಾಡುವ ಕೆಲಸ! ಇಂಗ್ಲಿಷಿನಲ್ಲೂ ಇದೇ ತೊಂದರೆ ಉಂಟು, ನಾವು ಅದನ್ನು ಹಾಗೆಯೇ ಕನ್ನಡಕ್ಕೆ ತಂದುಕೊಂಡಿದ್ದೇವೆ. 'ಟಿಕೆಟ್ ರದ್ದು ಮಾಡಿ' ಅಂತ ಒಂದು ಬಟನ್, 'ಟಿಕೆಟ್ ಇರಲಿ' ಅಂತ ಇನ್ನೊಂದು. ಪ್ರಶ್ನೆ ಓದದಿದ್ದರೂ ಬಟನ್ ಓದಿದರೆ ಸಾಕು. 'ಇರಲಿ' ಅನ್ನುವುದು ಎಷ್ಟು ಚಂದದ ಪದ, ದಿನಕ್ಕೆ ಇಪ್ಪತ್ತು ಸಲ ಹೇಳ್ತೇವೆ. ಬಟನ್ ಮೇಲೆ ಮಾತ್ರ ನಾನು ನೋಡಿಲ್ಲ.

'ಸರಿ'ಯ ಕತೆಯೂ ಹೀಗೆಯೇ. "ನಿಮ್ಮ ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ." ಕೆಳಗೆ 'ಸರಿ'. ಎಂತ ಸರಿ? ಅಲ್ಲಿ 'ಗೊತ್ತಾಯ್ತು' ಅಂತ ಇದ್ದರೆ ಕನಿಷ್ಠ ಹೊಟ್ಟೆ ಉರಿಯುವುದಿಲ್ಲ.

ಇನ್ನೊಂದು ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿದ್ದು: ಬಟನ್‌ನಲ್ಲಿ ಮಾತಾಡುವವರು ಯಾರು? 'ಉಳಿಸು' ಅಂತ ಬರೆದರೆ ನಾನು ಫೋನಿಗೆ ಹೇಳಿದ ಹಾಗೆ. 'ಉಳಿಸಿ' ಅಂತ ಬರೆದರೆ ಫೋನು ನನಗೆ ಮರ್ಯಾದೆಯಲ್ಲಿ ಹೇಳಿದ ಹಾಗೆ. ಇಂಗ್ಲಿಷಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಅಲ್ಲಿ ಕ್ರಿಯಾಪದಕ್ಕೆ ಏಕವಚನ ಬಹುವಚನದ ಗೌರವ ಇಲ್ಲ. ಕನ್ನಡದಲ್ಲಿ ಎರಡೂ ಚಾಲ್ತಿಯಲ್ಲಿವೆ. ತರ್ಕ ನೋಡಿದರೆ 'ಉಳಿಸು' ಸರಿ, ಯಂತ್ರಕ್ಕೆ ಹೇಳುವುದು ತಾನೆ. ಆದರೆ ಎಪ್ಪತ್ತು ವರ್ಷದವರಿಗೆ ಸ್ಕ್ರೀನಿನಲ್ಲಿ 'ಕಳಿಸು', 'ಒತ್ತು' ಅಂತ ಕಂಡರೆ ಯಾರೋ ತಮಗೇ ಏಕವಚನದಲ್ಲಿ ಹೇಳಿದ ಹಾಗೆ ಕಾಣ್ತದೆ. ನನ್ನ ಮತ 'ಉಳಿಸಿ'ಗೆ. ಯಾವುದು ಇಟ್ಟರೂ ಇಡೀ ಆ್ಯಪ್‌ನಲ್ಲಿ ಒಂದೇ ಇರಲಿ. ಒಂದು ಪುಟದಲ್ಲಿ ಬನ್ನಿ ಹೋಗಿ, ಇನ್ನೊಂದು ಪುಟದಲ್ಲಿ ಬಾ ಹೋಗು ಅಂದರೆ ಮದುವೆ ಮನೆಯಲ್ಲಿ ಅರ್ಧ ಜನಕ್ಕೆ ಕುರ್ಚಿ ಕೊಟ್ಟ ಹಾಗೆ.

ಕೊನೆಯಲ್ಲಿ ಬರುವ 'ಬೇಡಿ'

ಇದು ನನಗೆ ಎಲ್ಲಕ್ಕಿಂತ ಅಪಾಯ ಅನ್ನಿಸಿದ್ದು. ಇಂಗ್ಲಿಷಿನಲ್ಲಿ ನಿಷೇಧ ಮೊದಲು ಬರ್ತದೆ: 'ಡೋಂಟ್ ಅಲೋ'. ಕನ್ನಡದಲ್ಲಿ ಕೊನೆಗೆ ಬರ್ತದೆ: 'ಅನುಮತಿಸಬೇಡಿ'. ಪಕ್ಕದ ಬಟನ್ 'ಅನುಮತಿಸಿ'. ಎರಡೂ ಒಂದೇ ತರ ಶುರುವಾಗ್ತವೆ. ಈಗ ಫೋನ್ ಸಣ್ಣದು, ಓದಲು ಸುಲಭ ಆಗಲಿ ಅಂತ ಅಕ್ಷರದ ಗಾತ್ರ ದೊಡ್ಡದು ಮಾಡಿ ಇಟ್ಟಿದ್ದೀರಿ. ಜಾಗ ಸಾಲುವುದಿಲ್ಲ. ಆ್ಯಪ್ ಎಂತ ಮಾಡ್ತದೆ, ಪದವನ್ನು ಅರ್ಧಕ್ಕೆ ಕತ್ತರಿಸಿ ಮೂರು ಚುಕ್ಕಿ ಇಡ್ತದೆ: 'ಅನುಮತಿಸ…'. 'ಬೇಡಿ' ಹೋಯ್ತು. ಬೇಡ ಅನ್ನುವ ಬಟನ್ ಬೇಕು ಅನ್ನುವ ಹಾಗೆ ಕಾಣ್ತದೆ.

ಕಾಂಟ್ಯಾಕ್ಟ್, ಕ್ಯಾಮೆರಾ, ಲೊಕೇಶನ್ ನೋಡ್ಲಿಕ್ಕೆ ಬಿಡಬೇಕಾ ಬೇಡವಾ ಅಂತ ಕೇಳುವ ಜಾಗದಲ್ಲಿ ಇದು ಸಣ್ಣ ವಿಷಯ ಅಲ್ಲ. ಅದಕ್ಕೂ ಪರಿಹಾರ ನಮ್ಮ ಬಾಯಲ್ಲೇ ಉಂಟು. 'ಬೇಡ' ಅಂತ ಎರಡಕ್ಷರ ಬರೆಯಿರಿ. ಯಾವ ಬಟನ್‌ನಲ್ಲೂ ಹಿಡೀತದೆ.

ಒತ್ತಕ್ಷರದ್ದೂ ಒಂದು ಗೋಳು ಉಂಟು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡದ ಕೆಳಗಿನ ಒತ್ತು ಕತ್ತರಿಸಿ ಹೋಗ್ತದೆ. 'ಸಲ್ಲಿಸಿ' ಹೋಗಿ 'ಸಲಿಸಿ' ಆಗ್ತದೆ, 'ಒಪ್ಪಿಗೆ' 'ಒಪಿಗೆ' ಆಗ್ತದೆ. ಒತ್ತುವ ಬಟನ್‌ನಲ್ಲೇ ಒತ್ತು ಇಲ್ಲ. ಆ್ಯಪ್ ಮಾಡುವ ಗೆಳೆಯರಿದ್ದರೆ ಅವರಿಗೆ ಹೇಳಿ, ಬಟನ್‌ನ ಎತ್ತರ ಸ್ವಲ್ಪ ಹೆಚ್ಚು ಮಾಡಲಿ, ಪದ ಹಿಡಿಯದಿದ್ದರೆ ಕತ್ತರಿಸುವ ಬದಲು ಎರಡನೇ ಸಾಲಿಗೆ ಹೋಗಲಿ.

ಹಣ ಯಾವ ದಿಕ್ಕಿಗೆ?

ಈಗ ನನ್ನ ಸಬ್ಜೆಕ್ಟಿಗೆ ಬರ್ತೇನೆ. ಮೊಳಹಳ್ಳಿ ಶಿವರಾಯರ ಕಾಲದಿಂದ ಸಹಕಾರಿ ಸಂಘ ಬೇರು ಬಿಟ್ಟ ಊರು ನಮ್ಮದು. ಸೊಸೈಟಿಯ ಪಾಸ್‌ಬುಕ್ ನೋಡಿ ಬೆಳೆದ ಹಿರಿಯರಿಗೆ 'ಜಮಾ', 'ಖರ್ಚು' ಅಂದರೆ ಯಾರೂ ವಿವರಿಸಬೇಕಾಗಿಲ್ಲ. ಬಂದದ್ದು ಜಮಾ, ಹೋದದ್ದು ಖರ್ಚು. ಪದದಲ್ಲೇ ದಿಕ್ಕು ಉಂಟು.

ಈಗ 'ಪಾವತಿ' ತೆಗೆದುಕೊಳ್ಳಿ. "ಪಾವತಿ ಆಗಿದೆ" ಅಂತ ಮೆಸೇಜ್ ಬಂದರೆ, ನಾನು ಕೊಟ್ಟದ್ದಾ, ನನಗೆ ಬಂದದ್ದಾ? ಆ ಪದಕ್ಕೆ ದಿಕ್ಕು ಇಲ್ಲ. ಮರಾಠಿಯಲ್ಲಿ ಪಾವತಿ ಅಂದರೆ ರಶೀದಿ, ಅಂದರೆ ಹಣ ಮುಟ್ಟಿದ್ದಕ್ಕೆ ಕೊಡುವ ಚೀಟಿ. ನಮ್ಮಲ್ಲಿ ಹಣ ಕೊಡುವುದಕ್ಕೇ ಪಾವತಿ ಅಂತ ಹೇಳ್ತೇವೆ. ಬ್ಯಾಂಕಿನ ಕೌಂಟರಿನಲ್ಲಿ ಎದುರಿಗೆ ಮನುಷ್ಯ ಇದ್ದಾಗ ಇದು ತೊಂದರೆ ಅಲ್ಲ. ಫೋನಿನಲ್ಲಿ ತೊಂದರೆ.

ಯುಪಿಐ ಬಂದದ್ದು 2016ರಲ್ಲಿ. ಅದರಲ್ಲಿ ಹಣ ಕಳಿಸುವ ಹಾಗೆಯೇ, ಇನ್ನೊಬ್ಬರಿಂದ ಹಣ ಕೇಳುವ ವ್ಯವಸ್ಥೆಯೂ ಇತ್ತು. ಗೆಳೆಯರು ಊಟದ ಬಿಲ್ ಹಂಚಿಕೊಳ್ಳಲು ಅದು ಉಪಯೋಗ. ವಂಚಕರು ಅದನ್ನು ಹೇಗೆ ತಿರುಗಿಸಿದರು ಅಂದರೆ: ನೀವು ಹಳೇ ಅಡಿಕೆ ಸುಲಿಯುವ ಮೆಷಿನ್ ಮಾರ್ಲಿಕ್ಕುಂಟು ಅಂತ ಆನ್‌ಲೈನಿನಲ್ಲಿ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಫೋನ್ ಬರ್ತದೆ. "ಮುಂಗಡ 2,000 ಕಳಿಸಿದ್ದೇನೆ ಸರ್, ಒಂದು ಮೆಸೇಜ್ ಬಂದಿರಬಹುದು, ಅದನ್ನು ಒತ್ತಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬೀಳ್ತದೆ." ನೀವು ನೋಡಿದರೆ ಸ್ಕ್ರೀನಿನಲ್ಲಿ 2,000 ಕಾಣ್ತದೆ, 'ವಿನಂತಿ' ಅಂತ ಕಾಣ್ತದೆ, ಒಂದು ದೊಡ್ಡ ಬಟನ್ ಕಾಣ್ತದೆ. ಪಿನ್ ಹಾಕಿದ ಕೂಡಲೇ ಹಣ ಹೋಗ್ತದೆ, ಬರುವುದಿಲ್ಲ.

ಎನ್‌ಪಿಸಿಐ, ಅಂದರೆ ಯುಪಿಐ ನಡೆಸುವ ಸಂಸ್ಥೆ, ಮೊದಲು ಇಂಥ ಕೋರಿಕೆಗೆ ಒಂದು ಸಲಕ್ಕೆ 2,000 ರೂಪಾಯಿಯ ಮಿತಿ ಹಾಕಿತ್ತು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೀಗೆ ಹಣ ಕೇಳುವ ವ್ಯವಸ್ಥೆಯನ್ನೇ ನಿಲ್ಲಿಸಲು ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಹೇಳಿತು. ಅಂಗಡಿ, ಆನ್‌ಲೈನ್ ವ್ಯಾಪಾರಿಗಳ ಕೋರಿಕೆಗೆ ಆ ಆದೇಶ ಅನ್ವಯ ಆಗಿರಲಿಲ್ಲ.

ಬಟನ್‌ನ ಪದ ಸರಿ ಇದ್ದಿದ್ದರೆ ಈ ಮೋಸ ಪೂರ್ತಿ ನಿಲ್ತಿತ್ತು ಅಂತ ನಾನು ಹೇಳುವುದಿಲ್ಲ. ಫೋನಿನ ಆಚೆ ಒಬ್ಬ ಅವಸರ ಮಾಡ್ತಾ ಇದ್ದಾಗ ಯಾರೂ ಸರಿಯಾಗಿ ಓದುವುದಿಲ್ಲ. ಆದರೆ ಆ ಬಟನ್ ಮೇಲೆ 'ನಿಮ್ಮ ಖಾತೆಯಿಂದ ₹2,000 ಕೊಡಿ' ಅಂತ ಇದ್ದರೆ ಓದಿದವರಿಗಾದರೂ ಒಂದು ಕ್ಷಣ ಬೆರಳು ನಿಲ್ತದೆ. ಕೊಡು, ತಗೋ, ಕಳಿಸು, ಬಂತು. ಈ ನಾಲ್ಕು ಪದಗಳ ದಿಕ್ಕು ತಪ್ಪುವುದೇ ಇಲ್ಲ. ಮನೆಯವರಿಗೆ ಹೇಳಿಕೊಡುವಾಗಲೂ ಇವನ್ನೇ ಬಳಸಿ: ಹಣ ಬರ್ಲಿಕ್ಕೆ ಪಿನ್ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಅಕಸ್ಮಾತ್ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಶುದ್ಧ ಕನ್ನಡವಾ, ಇಂಗ್ಲಿಷಾ?

ಈ ಜಗಳಕ್ಕೆ ನನಗೆ ಹೆಚ್ಚು ಆಸಕ್ತಿ ಇಲ್ಲ. 'ಲಾಗಿನ್', 'ಡೌನ್‌ಲೋಡ್' ಈಗ ನಮ್ಮವೇ. 'ಹಂಚಿಕೊಳ್ಳಿ' ಚೆನ್ನಾಗಿ ಒಗ್ಗಿಕೊಂಡಿದೆ, 'ಶೇರ್' ಅಂದರೆ ನಾನಂತೂ ಮಾರ್ಕೆಟ್ ನೋಡ್ತೇನೆ. 'ಅರ್ಜಿ ಸಲ್ಲಿಸಿ' ತಾಲೂಕು ಕಚೇರಿಗೆ ಹೋದ ಎಲ್ಲರಿಗೂ ಗೊತ್ತು. ಆದರೆ 'ಎಲ್ಲವನ್ನೂ ತೆರವುಗೊಳಿಸಿ' ಅಂತ ಕಂಡಾಗ ನನಗೆ ನೆನಪಾಗುವುದು ಒತ್ತುವರಿ ತೆರವು, ಜೆಸಿಬಿ, ಪೊಲೀಸ್ ಬಂದೋಬಸ್ತ್. ಅಲ್ಲಿ ಇದ್ದದ್ದು ನಾಲ್ಕು ನೋಟಿಫಿಕೇಶನ್.

ಜನರ ಬಾಯಲ್ಲಿರುವ ಪದ ಅಂದರೆ ಎಂತದು ಅಂತ ಗೊತ್ತಾಗಬೇಕಾದರೆ ಅಡಿಕೆ ಅಂಗಡಿಗೆ ಹೋಗಿ. ಹೊಸತು, ಹಳತು, ಡಬಲ್ ಚೋಲು, ಪಟೋರ, ಉಳ್ಳಿಗಡ್ಡೆ, ಕರಿಗೋಟು. ನಾಳೆ ಯಾರಾದರೂ ಅಡಿಕೆ ಮಾರುವ ಆ್ಯಪ್ ಮಾಡಿ 'ದ್ವಿತೀಯ ಶ್ರೇಣಿ ಆಯ್ಕೆಮಾಡಿ' ಅಂತ ಬಟನ್ ಇಟ್ಟರೆ ಭಾಷೆ ಶುದ್ಧ ಇರಬಹುದು, ವ್ಯಾಪಾರ ಆಗುವುದಿಲ್ಲ. 'ಪಟೋರ' ಅಂತ ಬರೆದರೆ ಕಡಬದ ಒಳಗಿನ ತೋಟದವರೂ ಯಾರನ್ನೂ ಕೇಳದೆ ಒತ್ತುತ್ತಾರೆ.

ಕೇಳಿ ನೋಡುವುದು

ಪದ ಸರಿ ಇದೆಯಾ ಅಂತ ತಿಳಿಯಲು ದೊಡ್ಡ ಸಂಶೋಧನೆ ಬೇಡ. 1981ರ ಹೊತ್ತಿಗೆ ಆ್ಯಪಲ್ ಕಂಪನಿ ಲಿಸಾ ಅನ್ನುವ ಕಂಪ್ಯೂಟರ್ ತಯಾರು ಮಾಡ್ತಾ ಇತ್ತು. ಒಪ್ಪಿಗೆಯ ಬಟನ್ ಮೇಲೆ 'ಡು ಇಟ್' ಅಂತ ಬರೆದಿದ್ದರು. ಹೊರಗಿನವರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ಕೆಲವರು ಆ ಬಟನ್ ಒತ್ತುವುದೇ ಇಲ್ಲ. ಒಬ್ಬರಿಗೆ ಸಿಟ್ಟೇ ಬಂತು. ಎರಡು ಪದಗಳ ನಡುವೆ ಜಾಗ ಸರಿಯಾಗಿ ಕಾಣದೆ, ದೊಡ್ಡ 'ಐ' ಅಕ್ಷರ ಸಣ್ಣ 'ಎಲ್' ತರ ಕಂಡು, ಅವರು ಅದನ್ನು 'ಡೋಲ್ಟ್' ಅಂತ ಓದಿದ್ದರು. ಅಂದರೆ ದಡ್ಡ! ಕಂಪ್ಯೂಟರ್ ನನ್ನನ್ನು ಯಾಕೆ ದಡ್ಡ ಅಂತ ಹೇಳ್ತದೆ ಅಂತ ಅವರ ಪ್ರಶ್ನೆ. ಆ ಬಟನ್ 'ಓಕೆ' ಆಯ್ತು. ತಯಾರು ಮಾಡಿದವರಿಗೆ ಕಾಣದ್ದು ಮೊದಲ ಸಲ ನೋಡಿದವರಿಗೆ ಕಂಡದ್ದು.

ವಿಕಿಪೀಡಿಯದಲ್ಲೂ ಹೀಗೊಂದು ಆಯ್ತು. ಬರೆದಾದ ಮೇಲೆ ಒತ್ತುವ ಇಂಗ್ಲಿಷ್ ಬಟನ್ ಮೇಲೆ ವರ್ಷಗಟ್ಟಲೆ 'ಸೇವ್ ಪೇಜ್' ಅಂತ ಇತ್ತು. ಹೊಸಬರು ಅದನ್ನು ತಮಗಾಗಿ ಉಳಿಸಿಕೊಳ್ಳುವುದು ಅಂದುಕೊಳ್ತಿದ್ದರು, ಒತ್ತಿದ ಕ್ಷಣ ಇಡೀ ಜಗತ್ತಿಗೆ ಕಾಣ್ತಿತ್ತು. 2016-17ರ ಹೊತ್ತಿಗೆ ಅದನ್ನು 'ಪಬ್ಲಿಶ್ ಚೇಂಜಸ್', ಅಂದರೆ ಬದಲಾವಣೆ ಪ್ರಕಟಿಸಿ ಅಂತ ಮಾಡಿದರು.

ಇವೆಲ್ಲ ಗೊತ್ತಾಗದೆ ಆದ ಗೊಂದಲ. ಬೇಕೆಂದೇ ಮಾಡುವವರೂ ಇದ್ದಾರೆ. ವಿಮೆ ಬೇಡ ಅನ್ನುವ ಬಟನ್‌ಗೆ 'ನಾನು ಅಸುರಕ್ಷಿತವಾಗಿಯೇ ಇರುತ್ತೇನೆ' ಅಂತ ಹೆಸರಿಟ್ಟು ನಾಚಿಕೆ ಪಡಿಸುವುದು, ಬೇಡ ಅನ್ನುವುದನ್ನು ಬೂದು ಬಣ್ಣದಲ್ಲಿ ಅಡಗಿಸಿ ಇಡುವುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ಮಾರ್ಗಸೂಚಿ ಹೊರಡಿಸಿದೆ. ಅದರ ಬಗ್ಗೆ ಬೇರೆಯೇ ಒಂದು ಸಂಚಿಕೆ ಮಾಡಬೇಕು.

ನೀವು ಮಾಡಬಹುದಾದ್ದು ಇಷ್ಟು. ಮನೆಯಲ್ಲಿ ಒಬ್ಬರ ಫೋನನ್ನು ಒಂದು ಗಂಟೆ ಕನ್ನಡಕ್ಕೆ ಇಡಿ. ಅವರು ದಿನಾ ಬಳಸುವ ಆ್ಯಪ್ ತೆರೆದು, ಒತ್ತುವ ಮೊದಲು ಕೇಳಿ: "ಇದು ಒತ್ತಿದರೆ ಎಂತ ಆಗ್ತದೆ?" ಸರಿ ಉತ್ತರ ಹೇಳಿಕೊಡಬೇಡಿ, ಸುಮ್ಮನೆ ಬರೆದುಕೊಳ್ಳಿ. ನಾಲ್ಕೈದು ಜನರನ್ನು ಕೇಳುವಷ್ಟರಲ್ಲಿ ಯಾವ ಪದ ಕೆಟ್ಟಿದೆ ಅಂತ ಗೊತ್ತಾಗ್ತದೆ. ಆ ಪದವನ್ನು ಬದಲಿಸುವ ದಾರಿಯೂ ಕೆಲವು ಕಡೆ ತೆರೆದಿದೆ. ವಿಕಿಪೀಡಿಯದ ಬಟನ್‌ಗಳ ಅನುವಾದ ನಡೆಯುವುದು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ, ಫೈರ್‌ಫಾಕ್ಸ್‌ನದ್ದು ಮೋಜಿಲ್ಲಾದ ಪೊಂಟೂನ್‌ನಲ್ಲಿ. ಎರಡರಲ್ಲೂ ಖಾತೆ ತೆರೆದು ಯಾರು ಬೇಕಾದರೂ ಪದ ಸೂಚಿಸಬಹುದು. 2016ರಲ್ಲಿ ಶುರುವಾದ ತುಳು ವಿಕಿಪೀಡಿಯ ಉಂಟಲ್ಲ, ಅದರ ಬಟನ್‌ಗಳಿಗೆ ಕನ್ನಡ ಲಿಪಿಯಲ್ಲಿ ತುಳು ಪದ ಹುಡುಕಿ ಇಟ್ಟದ್ದೂ ಹೀಗೆ ಸ್ವಂತ ಆಸಕ್ತಿಯಿಂದ ಕೂತ ಜನರೇ. ಉಳಿದ ಆ್ಯಪ್‌ಗಳಿಗೆ ಸ್ಕ್ರೀನ್‌ಶಾಟ್ ತೆಗೆದು ಫೀಡ್‌ಬ್ಯಾಕ್‌ನಲ್ಲಿ ಕಳಿಸಿ. 'ಅರ್ಥ ಆಗ್ಲಿಲ್ಲ' ಅಂತ ಮಾತ್ರ ಬರೆಯಬೇಡಿ, ಅಲ್ಲಿ ಯಾವ ಪದ ಇರಬೇಕಿತ್ತು ಅಂತಲೂ ಬರೆಯಿರಿ. ಒಂದು ಪ್ರತಿ ನನಗೂ ಕಳಿಸಿ, ತಮಾಷೆಯದ್ದನ್ನು ಮುಂದಿನ ವಾರ ಓದ್ತೇನೆ.